ಕೆತ್ತದ ಬಿಲ್ಲಿನ ಗುಡ್ಡ

ನಮ್ಮ ಕೆಂಚಯ್ಯನಹಟ್ಟಿಯ ಪಡುವಣಕ್ಕೆ ತಡಸಲು ಮರಗಳು ತುಂಬಿದ ಒಂದು ಗುಡ್ಡವಿದೆ. ಹೆಚ್ಚು ಎತ್ತರದ್ದೇನಲ್ಲ; ನಡುವಯಸ್ಸಿನವರು ಒಂದು ಸಲ ಕುಳಿತು ದಣಿವಾರಿಸಿಕೊಂಡರೆ ತುದಿ ಮುಟ್ಟುತ್ತಾರೆ. ಅದಕ್ಕೆ ಕೆತ್ತದ ಬಿಲ್ಲಿನ ಗುಡ್ಡವೆಂದು ಹೆಸರು. ಕೆತ್ತದಿದ್ದರೆ ಅದು ಬಿಲ್ಲು ಹೇಗಾದೀತು ಎಂದು ಹೊರಗಿನಿಂದ ಬಂದವರು ನಗುತ್ತಾರೆ. ನಗಲಿ. ಹೆಸರಿಟ್ಟವರೂ ಮೊದಲು ಗೇಲಿಗೆಂದೇ ಇಟ್ಟರು ಎನ್ನುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಇಲ್ಲಿ ಸಣ್ಣೀರಪ್ಪನೆಂಬ ಕಂಬಳಿ ನೇಯುವವನಿದ್ದನಂತೆ. ಹೊಟ್ಟೆಪಾಡಿಗೆ ಕಂಬಳಿ, ಮನಸ್ಸಿನ ಖುಷಿಗೆ ಬಿಲ್ಲು. ಬೇಟೆಗೆ ಹೋದವನಲ್ಲ, ದಂಡಿಗೆ ಸೇರಿದವನಲ್ಲ. ಆದರೂ ಬಿಡುವು ಸಿಕ್ಕಾಗಲೆಲ್ಲ ಗುಡ್ಡ ಹತ್ತಿ ಬಿಲ್ಲಿಗಾಗುವ ಗಂಟಿಲ್ಲದ ತಡಸಲು ಕೊಂಬೆ ಹುಡುಕುವುದೇ ಅವನ ಹುಚ್ಚು. ಹೆಂಡತಿ ಮಾರಕ್ಕ ತಪ್ಪದೆ ಜೊತೆಗೆ ಹೋಗುತ್ತಿದ್ದಳು. ತನ್ನ ಹುಚ್ಚು ಅವಳಿಗೂ ಹಿಡಿದಿದೆಯೆಂದು ಅವನು ಊರ ತುಂಬ ಹೇಳಿಕೊಂಡು ಬೀಗುತ್ತಿದ್ದ. ಒಂದು ಮಳೆಗಾಲ ಒಣಸೌದೆಯಿಲ್ಲದೆ ಅವಳು ಒನಕೆಯನ್ನೇ ಸೀಳಿ ಒಲೆಗಿಟ್ಟಳೇ ಹೊರತು ಅಟ್ಟದ ಮೇಲಿನ ಬಿಲ್ಲಿನ ಮರಗಳನ್ನು ಮುಟ್ಟಲಿಲ್ಲ. ಅವುಗಳಲ್ಲಿ ಆಳೆತ್ತರದ್ದೊಂದು ಮೂರು ವರ್ಷ ಒಲೆಯ ಹೊಗೆ ಕುಡಿದು ಹದಗೊಂಡಿತ್ತು. ಅದನ್ನು ಕೆತ್ತಿ, ಮಹಾನವಮಿಗೆ ನಾಯಕರ ಮುಂದೆ ನಡೆಯುವ ಬಿಲ್ಲಿನ ಪಂದ್ಯದಲ್ಲಿ ಗೆದ್ದು, ತನ್ನನ್ನು ಹಂಗಿಸುವ ಬೇಟೆಗಾರರ ಬಾಯಿ ಮುಚ್ಚಿಸಬೇಕೆಂಬುದು ಸಣ್ಣೀರಪ್ಪನ ಆಸೆ.

ಆ ವರ್ಷ ಯುಗಾದಿಯ ಹೊತ್ತಿಗೆ ಮಾರಕ್ಕ ಗುಡ್ಡದ ಬಂಡೆಯಿಂದ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಮೂಳೆ ಕೂಡಿತು, ಆದರೆ ಸೊಟ್ಟಗೆ. ಊರಿಕೊಂಡ ಬಿದಿರುಕೋಲು ಸೀಳಿತು, ಬೇವಿನದು ಮುರಿಯಿತು. ಹೊಸ್ತಿಲು ದಾಟಲಾಗದೆ ಅವಳು ಸರಿಯಾಗಿ ಊಟವನ್ನೂ ಮಾಡದಾದಳು. ಇನ್ನು ಮೇಲೆ ಮರ ಹೊರುವ ಕಷ್ಟ ನಿನಗೆ ಬೇಡ, ನಾನೊಬ್ಬನೇ ತರುತ್ತೇನೆ ಎಂದು ಗಂಡ ಸಮಾಧಾನ ಹೇಳಿದ. ಆಗ ಅವಳಿಗೆ ಅಳು ಬಂತು.

“ಮರಕ್ಕೋಸ್ಕರ ಬರ್ತಿದ್ದೆ ಅಂದ್ಕಂಡ್ಯಾ? ತುದೀಲಿ ನಿಂತ್ರೆ ನಮ್ಮವ್ವನ ಮನೆ ಹೊಗೆ ಕಾಣ್ತಿತ್ತು” ಅಂದಳು.

ಅವಳ ತವರು ಗುಂಡ್ಲಕೆರೆ ಗುಡ್ಡದಾಚೆ, ಹಗೆಯ ಪಾಳೆಯಗಾರನ ಸೀಮೆಯಲ್ಲಿತ್ತು. ಮದುವೆಯಾದ ವರ್ಷವೇ ಗಡಿ ಮುಚ್ಚಿ, ಹೋಗಿಬರುವುದು ನಿಂತಿತ್ತು. ಹನ್ನೆರಡು ವರ್ಷ ಅವನು ಕೊಂಬೆ ನೋಡುತ್ತಿದ್ದಾಗ ಅವಳು ತವರು ನೋಡುತ್ತಿದ್ದಳು. ಪಕ್ಕದಲ್ಲೇ ಇದ್ದೂ ಒಂದು ಸಲವೂ ಕೇಳಲಿಲ್ಲವಲ್ಲ ಎಂದು ಸಣ್ಣೀರಪ್ಪನಿಗೆ ನಾಚಿಕೆಯಾಯಿತು, ಸಂಕಟವೂ ಆಯಿತು. ಅಟ್ಟದಿಂದ ಆ ಮರವನ್ನು ಇಳಿಸಿದ. ಬಿಲ್ಲಾಗಬೇಕಾದರೆ ಬಾಗುವಷ್ಟು ತೆಳ್ಳಗೆ ಕೆತ್ತಬೇಕು. ಬಾಗುವ ಮರ ಮೈಭಾರ ಹೊರಲಾರದು. ಅವನು ಉಳಿ ಮುಟ್ಟಲೇ ಇಲ್ಲ. ಮರದ ಮೈಯನ್ನು ನುಣ್ಣಗೆ ಉಜ್ಜಿ, ಹಿಡಿಯುವಲ್ಲಿ ಕಂಬಳಿಯ ತುಂಡು ಸುತ್ತಿ ಅವಳ ಕೈಗಿಟ್ಟ. ಮಹಾನವಮಿಯ ದಿನ ಪಂದ್ಯಕ್ಕೆ ಹೊರಟ ಬೇಟೆಗಾರರು ಗುಡ್ಡದ ಬುಡದಲ್ಲಿ ಅವನನ್ನು ಕಂಡು, ಎಲ್ಲಯ್ಯ ನಿನ್ನ ಬಿಲ್ಲು ಎಂದು ಕೆಣಕಿದರು.

“ಅಗೋ, ಗುಡ್ಡ ಹತ್ತುತಾ ಐತೆ ನೋಡ್ರಪ್ಪ” ಎಂದು ಅವನು ಮೇಲಕ್ಕೆ ಕೈತೋರಿದ. ಮಾರಕ್ಕ ಕೋಲೂರಿಕೊಂಡು ಅರ್ಧ ಗುಡ್ಡ ಏರಿದ್ದಳು.

ಈಗಲೂ ತುದಿಯಲ್ಲಿ, ಪಡುವಣಕ್ಕೆ ವಾಲಿದ ಒಂದು ಹಾಸುಬಂಡೆಯಿದೆ. ನಮ್ಮೂರಿಗೆ ಸೊಸೆಯಾಗಿ ಬಂದವಳನ್ನು ಮೊದಲ ವರ್ಷವೇ ಗಂಡ ಅಲ್ಲಿಗೆ ಕರೆದೊಯ್ಯಬೇಕು. ತವರಿಗೆ ದಿನಕ್ಕೆ ನಾಲ್ಕು ಬಸ್ಸಿದ್ದರೂ ಈ ರೂಢಿ ತಪ್ಪಿಲ್ಲ. ಅವಳು ತನ್ನೂರಿನ ದಿಕ್ಕಿಗೆ ಮುಖಮಾಡಿ ಕೂರುತ್ತಾಳೆ. ಅವಳಾಗಿ ಏಳುವವರೆಗೆ ಗಂಡ ಹೋಗೋಣವೆನ್ನುವಂತಿಲ್ಲ. ನಾನು ಬಿಸಿಲಿಳಿಯುವವರೆಗೆ ಕಾದಿದ್ದೆ.