ಕಾಟಯ್ಯ ಹೆರೆದ ಬಾಣ

ಬಿಲ್ಲುಗಾರ ಓಬಳಯ್ಯನವರ ಆಶ್ರಮ ಹೊಳೆಯ ದಡದಲ್ಲಿತ್ತು. ಅಲ್ಲಿ ಆರು ವರ್ಷದಿಂದ ಬಿಲ್ವಿದ್ಯೆ ಕಲಿಯುತ್ತಿದ್ದ ಕಾಟಯ್ಯನಿಗೆ ಗುರುಗಳು ಕೊಟ್ಟ ಬಾಣಗಳು ಭಾರವೆನಿಸಿದವು.

ಅವನು ಬಾಣದ ಬಿದಿರನ್ನು ಹೆರೆದ. ಕಬ್ಬಿಣದ ಮೊನೆಯನ್ನು ಕಲ್ಲಿಗೆ ಉಜ್ಜಿ ತೆಳ್ಳಗೆ ಮಾಡಿದ. ಆಮೇಲೆ ಅವನು ಬಿಟ್ಟ ಬಾಣ ಹೊಳೆ ದಾಟಿ ಆಚೆ ದಡದ ಮತ್ತಿ ಮರಕ್ಕೆ ನಾಟುತ್ತಿತ್ತು. ನೋಡಿದವರೆಲ್ಲ ಹೊಗಳಿದರು. ಕಾಟಯ್ಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಓಬಳಯ್ಯ ಒಂದು ಬಾಣ ಎತ್ತಿ ಅಂಗೈಯಲ್ಲಿ ತೂಗಿ ನೋಡಿದರು. ಮತ್ತೆ ಕೆಳಗಿಟ್ಟರು.

ಅದೇ ವಾರ ನೀರು ತರಲು ಹೊಳೆಗೆ ಹೋದ ಊರಿನ ಮಾರಕ್ಕನ ತೊಡೆಯನ್ನು ಕಾಡುಹಂದಿಯೊಂದು ಸೀಳಿತು. ಊರವರು ಬಂದು ಆಶ್ರಮದ ಮುಂದೆ ನಿಂತರು.

"ನಾನು ಹೋಗಿಬರ್ತೀನಿ," ಎಂದ ಕಾಟಯ್ಯ.

ಸಂಜೆಗೆ ಮರಳಿದ.

"ಗುರಿ ತಪ್ಪಲಿಲ್ಲ ಗುರುಗಳೇ. ಎಂಬತ್ತು ಹೆಜ್ಜೆಯಿಂದ ಸರಿಯಾಗಿ ಹೆಗಲಿಗೇ ಹೊಡೆದೆ."

"ಹಂದಿ ಬಿತ್ತಾ?"

"ಇಲ್ಲ, ಓಡಿತು. ಬಾಣ ದಾರೀಲಿ ಕಳಚಿಬಿದ್ದಿತ್ತು. ಮೊನೆಗೆ ಎರಡು ಬೆರಳಷ್ಟೇ ರಕ್ತ ಅಂಟಿತ್ತು."

"ಬಲಿತ ಹಂದಿಯ ಹೆಗಲು ಹಲಗೆ ಇದ್ದಂಗೆ ಇರ್ತದೆ. ಅದರೊಳಗೆ ಇಳಿಯೋಕೆ ಬಾಣಕ್ಕೆ ತೂಕ ಬೇಕು. ಆ ತೂಕಾನೇ ನೀನು ಹೆರೆದು ಎಸೆದೆ."

ಮರುದಿನ ಬೆಳಿಗ್ಗೆ ಸುದ್ದಿ ಬಂತು. ಗಾಯಗೊಂಡ ಹಂದಿ ಹೊಳೆಗೆ ಹೋಗುವ ದಾರಿಯ ಪೊದೆಯಲ್ಲೇ ಕೂತಿತ್ತು, ಕಂಡವರ ಮೇಲೆಲ್ಲ ನುಗ್ಗುತ್ತಿತ್ತು. ಊರಲ್ಲಿ ಯಾರ ಮನೆಯಲ್ಲೂ ಕುಡಿಯಲು ನೀರಿರಲಿಲ್ಲ.

ಕಾಟಯ್ಯನಿಗೆ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು.

ಓಬಳಯ್ಯ ಒಳಗಿನಿಂದ ಒಂದು ಬಾಣ ತಂದರು. ಕಿರುಬೆರಳ ದಪ್ಪದ ಗಟ್ಟಿ ಬಿದಿರು, ಭಾರದ ಮೊನೆ. ಹದಿನೈದು ಹೆಜ್ಜೆ ದೂರದಲ್ಲಿ ನಿಂತು ಹಳೆಯ ಬಾಗಿಲೊಂದಕ್ಕೆ ಬಿಟ್ಟರು. ಬಾಣ ಹಲಗೆ ತೂರಿ ಆಚೆಗೆ ಒಂದು ಗೇಣು ಹೊರಬಂತು.

ಕಾಟಯ್ಯ ಅದನ್ನು ಬಾಗಿಲಿನಿಂದ ಕಿತ್ತುಕೊಂಡು ಎಂಬತ್ತು ಹೆಜ್ಜೆ ಹಿಂದಕ್ಕೆ ಹೋಗಿ ಬಿಟ್ಟ. ಅರ್ಧ ದಾರಿಯಲ್ಲೇ ನೆಲಕ್ಕೆ ಕುಕ್ಕಿತು.

"ಹದಿನೈದು ಹೆಜ್ಜೆ ಅಂದ್ರೆ ಹಂದಿಗೆ ನಾನು ಕಾಣ್ತೀನಿ ಗುರುಗಳೇ."

"ಕಾಣ್ತೀಯ."

"ಮೈಮೇಲೆ ಬರ್ತದೆ."

"ಬರ್ತದೆ."

"ನೀವೇ ಬಂದು ಹೊಡೆದುಬಿಡಿ."

"ಗಾಯ ಮಾಡಿದ್ದು ನೀನು."

ಕಾಟಯ್ಯ ಬಿಲ್ಲು ಕೆಳಗಿಳಿಸಿದ. "ನನಗೆ ಭಯ ಆಗ್ತದೆ," ಎಂದ.

"ಹತ್ತಿರ ಹೋದಾಗಲೆಲ್ಲ ನನಗೂ ಆಗಿದೆ."

ಕಾಟಯ್ಯ ಹೊಳೆಯ ದಾರಿಯ ಕಡೆ ನೋಡಿದ. ಆಮೇಲೆ ಅಂದ, "ಆದ್ರೆ ಈ ಬಾಣ ದೂರ ಹೋಗಲ್ಲವಲ್ಲ, ಗುರುಗಳೇ."

ಓಬಳಯ್ಯ ನೆಲದಿಂದ ಬಾಣ ಕಿತ್ತು, ಮಣ್ಣು ಒರೆಸಿ, ಅವನ ಕೈಯಲ್ಲಿಟ್ಟರು.

"ಅದು ಹೋಗಲ್ಲ. ನೀನು ಹೋಗು."