ಭರತನಕಲ್ಲಿನ ಪಾದುಕಾಮಹಿಮೆ

ಅದು ಯಾವ ಯುಗವೆಂಬ ಬಗ್ಗೆ ಹಿರಿಯರಲ್ಲಿ ಒಮ್ಮತವಿಲ್ಲ. ಶ್ರೀರಾಮನ ಪಾದುಕೆಗಳನ್ನು ಶಿರದಲ್ಲಿ ಹೊತ್ತು ನಡೆದ ಭರತನ ಕಥೆ ಘಟ್ಟದ ಮೇಲಿನ ಆಶ್ರಮಗಳಲ್ಲೆಲ್ಲ ನಿತ್ಯಪಠನವಾಗಿದ್ದ ಕಾಲವೆಂದರೆ ಸಾಕು. ಅಂಥದೊಂದು ಆಶ್ರಮದಲ್ಲಿ, ಕೇಳಿದ್ದನ್ನು ಕೇಳಿದಂತೆಯೇ ನಂಬುವ ಸ್ವಭಾವದಿಂದ ಋಜುಕರ್ಣನೆಂದೇ ಹೆಸರಾದ ಮುನಿಯೊಬ್ಬನಿದ್ದನು. ಅವನ ಗುರು ದೇಹತ್ಯಾಗಕ್ಕೆ ಮುನ್ನ ತನ್ನ ಮರದ ಪಾದುಕೆಗಳನ್ನು ಅವನ ಕೈಗಿತ್ತು, 'ತಾನಾಗಿ ಬಂದು ಇವಕ್ಕೆ ತಲೆಬಾಗುವವನಿಗೆ ಒಪ್ಪಿಸು. ಅಲ್ಲಿಯವರೆಗೆ ನಿನಗೂ ಮುಕ್ತಿಯಿಲ್ಲ, ನನಗೂ ಇಲ್ಲ' ಎಂದು ಅಪ್ಪಣೆ ಮಾಡಿದ್ದನು.

ಹನ್ನೆರಡು ವರ್ಷ ಅಲೆದರೂ ಅಂಥವನೊಬ್ಬನು ಸಿಗಲಿಲ್ಲ. ಕೊನೆಗೆ ಘಟ್ಟವಿಳಿದು, ಎಂದೂ ಕಡಲನ್ನೇ ಕಂಡಿರದ ಆ ಮುನಿ ನಮ್ಮ ಮೆಟ್ಟಿನಕೇರಿಯ ಹೊನ್ನೆಮರಗಳ ನೆರಳಲ್ಲಿ ಕುಳಿತಿದ್ದಾಗ, ಚಿಪ್ಪು ಹೆಕ್ಕಲು ಹೊರಟ ಹೆಂಗಸರು 'ಬೇಗ ನಡೀರೇ, ಭರತ ಬರ್ತದೆ' ಎಂದುಕೊಂಡು ಹೋದರು. ಕರಾವಳಿಯವರು ಕಡಲಿನ ಏರಿಕೆಗೆ ಭರತ ಎನ್ನುವರೆಂದು ಪಾಪ, ಅವನಿಗೆ ಹೇಳಿದವರಾರು? ಮುನಿಗೆ ರೋಮಾಂಚವಾಯಿತು, ಜೊತೆಗೇ ಗಲಿಬಿಲಿಯೂ ಆಯಿತು. ಅರಸುಮಗನಿಗೆ 'ಬರ್ತದೆ' ಎನ್ನುವುದೆ? ತೋರಣವೆಲ್ಲಿ, ವಾದ್ಯವೆಲ್ಲಿ?

ಹಿಂದೆಯೇ ಓಡಿ, ಕಡಲಂಚಿನ ಕರಿಬಂಡೆಯ ಬಳಿ ಬುಟ್ಟಿ ತುಂಬುತ್ತಿದ್ದ ಮಾಚಕ್ಕನನ್ನು ಕೇಳಿದನು:

'ತಾಯೀ, ಭರತ ಮೊದಲು ಬರುವುದೆಲ್ಲಿಗೆ?'

'ಇದೇ ಕಲ್ಲಿಗೆ ಸ್ವಾಮೀ. ನೀವು ಮೇಲೆ ಹೋಗಿ.'

'ನಾನು ಕಾಯುತ್ತಿರುವುದೇ ಅವನಿಗಾಗಿ.'

'ಕಾಯಲಿಕ್ಕೇನು ನೆಂಟನೆ? ದಿನಕ್ಕೆರಡು ಸಲ ಬರ್ತದೆ. ಕಾಲು ಹಿಡಿದರೆ ಬಿಡುವುದಿಲ್ಲ, ನೋಡಿ ಮತ್ತೆ.'

ಕಾಲು ಹಿಡಿಯುವವನೆಂದ ಮೇಲೆ ಇನ್ನೇನು ಸಂದೇಹ? ಋಜುಕರ್ಣನು ಪಾದುಕೆಗಳನ್ನು ಬಂಡೆಯ ನೆತ್ತಿಯಲ್ಲಿರಿಸಿ ಕೈಮುಗಿದು ನಿಂತನು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ದಡದಿಂದ ಮಾಚಕ್ಕ, 'ಬನ್ನಿ ಸ್ವಾಮೀ, ಭರತ ಬಂತು' ಎಂದು ಕೂಗಿದರೆ, ಮುನಿ ಅತ್ತಿತ್ತ ತಿರುಗಿ 'ಎಲ್ಲಿ, ಎಲ್ಲಿ?' ಎನ್ನುತ್ತಿದ್ದನು. ಎದೆಯುದ್ದ ನೀರಿನಲ್ಲಿ ಅವನಿಗೆ ಅರ್ಥವಾಯಿತು. ಹನ್ನೆರಡು ವರ್ಷ ಹೊತ್ತದ್ದು ಒಂದು ಮಾತಿನ ತಪ್ಪಿಗೆ ಕೊಚ್ಚಿಹೋಗುವುದೆಂದು ಅವನು ಕಣ್ಣುಮುಚ್ಚಿದನು.

ಆಗ ಮುಗಿಲೆತ್ತರ ಬಂದ ತೆರೆಯೊಂದು ಬಂಡೆಯ ಮುಂದೆ ಬಾಗಿ, ಪಾದುಕೆಗಳನ್ನಷ್ಟೇ ನೆನೆಸಿ, ಹೆಜ್ಜೆಹೆಜ್ಜೆಯಾಗಿ ಹಿಂದಕ್ಕೆ ಸರಿಯಿತು. 'ಋಜುಕರ್ಣಾ, ಕರೆಯದೆ ಬಂದವನು ನಾನು, ತಲೆಬಾಗಿದವನೂ ನಾನು. ನೀನು ನಂಬಿದ ಹೆಸರು ಇನ್ನು ನನ್ನದೇ' ಎಂದು ಸಮುದ್ರರಾಜನ ವಾಣಿ ಮೊಳಗಿತು. ನೋಡುನೋಡುತ್ತಿದ್ದಂತೆ ಪಾದುಕೆಗಳು ಶಿಲೆಯಲ್ಲಿ ಲೀನವಾದವು; ಗುರುವಿನ ಅಪ್ಪಣೆ ನೆರವೇರಿ, ಗುರುಶಿಷ್ಯರಿಬ್ಬರಿಗೂ ಮುಕ್ತಿಯ ದಾರಿ ತೆರೆಯಿತು.

ಇಂದಿಗೂ ಇಳಿತದ ವೇಳೆ ಆ ಬಂಡೆಯಲ್ಲಿ ಜೋಡಿ ಪಾದುಕೆಗಳ ಗುರುತು ಕಾಣುತ್ತದೆ. ಯಾತ್ರಿಕರು ಮುನಿ ಕುಳಿತ ಹೊನ್ನೆಮರಗಳಿರುವ ಪುರಸಭೆಯ ಉದ್ಯಾನದಲ್ಲಿ ದಣಿವಾರಿಸಿಕೊಂಡು, ಪಕ್ಕದ ವಸ್ತುಸಂಗ್ರಹಾಲಯದಲ್ಲಿ ಮಾಚಕ್ಕನ ಬುಟ್ಟಿಯನ್ನು ನೋಡಿ (ಬುಟ್ಟಿ ಅಷ್ಟು ಹಳೆಯದೇ ಎಂದು ಕೇಳಬಾರದು), ಅನಂತರ ಕಡಲ ತೀರಕ್ಕೆ ಇಳಿಯುವುದು ಕ್ರಮ. ನೀರು ಏರತೊಡಗಿದಾಗ ಚಿಪ್ಪು ಹೆಕ್ಕುವ ಹೆಂಗಸರು ಬುಟ್ಟಿ ಕೆಳಗಿಟ್ಟು ಕೈಮುಗಿಯುವರು. ಬೇರೆ ಊರುಗಳಲ್ಲಿ ಭರತ ಬರುತ್ತದೆ; ಮೆಟ್ಟಿನಕೇರಿಯಲ್ಲಿ ಮಾತ್ರ, ಮಾಚಕ್ಕ ಅಂದು ತಿದ್ದಿಕೊಂಡಂತೆ, ಭರತ ಬರುತ್ತಾನೆ.