ತನ್ನ ರಕ್ತವನ್ನು ತಾನೇ ಪರೀಕ್ಷಿಸಿದವನು

"ಗುರುಗಳೇ, ದಿನವೂ ಮಲಗುವ ಮುನ್ನ ಮನಸ್ಸನ್ನೊಮ್ಮೆ ಇಣುಕಿ ನೋಡು, ಕೊಳೆ ಕಾಣದಿದ್ದರೆ ನಿಶ್ಚಿಂತೆಯಿಂದ ನಿದ್ರಿಸು ಎಂದು ಚಿಕ್ಕಂದಿನಲ್ಲಿ ತಾಯಿ ಹೇಳಿಕೊಟ್ಟಿದ್ದಳು. ಹಾಗೆಯೇ ನೋಡುತ್ತೇನೆ. ಸಹಪಾಠಿ ಮಡಿವಾಳನ ಮೇಲೆ ನನಗೆ ಅಸೂಯೆ ಕಾಣುವುದಿಲ್ಲ. ಆದರೂ ಅವನನ್ನು ಯಾರಾದರೂ ಹೊಗಳಿದ ದಿನ ನಿದ್ರೆ ಬರುವುದಿಲ್ಲ. ನನ್ನ ನೋಟ ಸಾಲದೇ?" ಎಂದು ಶಿಷ್ಯ ಪ್ರಭುಲಿಂಗ ಕೇಳಿದ.

ಗುರುಗಳು ಈ ಕತೆ ಹೇಳಿದರು:

ಒಂದು ಆಸ್ಪತ್ರೆಯಲ್ಲಿ ಒಬ್ಬ ರಕ್ತಪರೀಕ್ಷಕನಿದ್ದ. ಜ್ವರ ಬಂದವರ ರಕ್ತವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಮಲೇರಿಯಾ ರೋಗಾಣುವನ್ನು ಹುಡುಕುವುದು ಅವನ ಕೆಲಸ. ವೈದ್ಯರು ಅವನ ಮೇಜಿನ ಬಳಿ ನಿಂತು ಅವನ ಮಾತಿಗಾಗಿ ಕಾಯುತ್ತಿದ್ದರು.

ಅಲ್ಲಿಗೆ ಒಬ್ಬ ತರುಣಿ ಹೊಸ ಯಂತ್ರದೊಡನೆ ಬಂದಳು. ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಕಡಿಮೆಯಿದ್ದು, ರೋಗಾಣುವಿನ ವಂಶವಾಹಿಯ ಒಂದು ತುಣುಕು ಮಾತ್ರ ರಕ್ತದಲ್ಲಿದ್ದರೂ ಆ ಯಂತ್ರ ಅದನ್ನು ಮತ್ತೆ ಮತ್ತೆ ನಕಲು ಮಾಡಿ, ಗುರುತು ಸಿಗುವಷ್ಟು ಹೆಚ್ಚಿಸುತ್ತಿತ್ತು. ವೈದ್ಯರು ಅವಳ ಕೋಣೆಯ ಮುಂದೆ ಕಾಯತೊಡಗಿದರು. ಪರೀಕ್ಷಕ ಎಂದಿನಂತೆ ತನ್ನ ಗಾಜುಗಳನ್ನು ನೋಡುತ್ತಿದ್ದ. ಆದರೆ ಕರೆಂಟು ಹೋಗಿ ಯಂತ್ರ ನಿಂತ ದಿನ ಅವನಿಗೆ ಊಟ ರುಚಿಸುತ್ತಿತ್ತು.

ಅವನ ಮಗಳು ಹೆರಿಗೆಗೆಂದು ಅದೇ ಆಸ್ಪತ್ರೆಗೆ ಸೇರಿದಳು. ಅವಳಿಗೆ ರಕ್ತ ಬೇಕಾಯಿತು. ಅಪರೂಪದ ಗುಂಪು, ಅಲ್ಲಿದ್ದವರಲ್ಲಿ ತಂದೆಯದು ಮಾತ್ರ ಹೊಂದುತ್ತಿತ್ತು. ಅವನು ತನ್ನ ರಕ್ತವನ್ನು ತಾನೇ ಪರೀಕ್ಷಿಸಿದ. ರೋಗಾಣು ಕಾಣಲಿಲ್ಲ. ಅಲ್ಲಿನ ನಿಯಮದಂತೆ ಅದೇ ರಕ್ತ ಯಂತ್ರಕ್ಕೂ ಹೋಯಿತು. ತರುಣಿ ಹೊರಗೆ ಬಂದಳು.

"ಸರ್, ಕೊಡಬೇಡಿ. ನಿಮ್ಮ ರಕ್ತದಲ್ಲಿ ಮಲೇರಿಯಾ ಇದೆ."

"ಚಳಿಯಿಲ್ಲ, ಜ್ವರವಿಲ್ಲ. ನೋಡಮ್ಮಾ, ನಿನ್ನ ಯಂತ್ರಕ್ಕೂ ನನ್ನ ಮೇಲೆ ಹೊಟ್ಟೆಕಿಚ್ಚು!"

ದಾದಿಯರು ನಕ್ಕರು. ತರುಣಿ ನಗಲಿಲ್ಲ.

"ಇದು ನನ್ನ ರಕ್ತವಾಗಿದ್ದು, ಯಂತ್ರ ಹೀಗೆಯೇ ಹೇಳಿದ್ದರೆ, ನಿಮ್ಮ ಮಗಳಿಗೆ ಕೊಡಲು ಬಿಡುತ್ತಿದ್ದಿರಾ, ಸರ್?"

ಒಂದು ಹನಿಯನ್ನೂ ಬಿಡುತ್ತಿರಲಿಲ್ಲ ಎಂದು ಅವನಿಗೆ ಹೊಳೆಯಿತು. ಅಷ್ಟೇ ಅಲ್ಲ, ಈ ತರುಣಿಯ ರಕ್ತ ಕೆಟ್ಟಿದೆ ಎಂಬ ಸುದ್ದಿಯನ್ನು ಇಡೀ ಆಸ್ಪತ್ರೆಗೆ ತಾನೇ ಹಂಚುತ್ತಿದ್ದ. ಅದನ್ನು ಹಂಚುವಾಗ ತನಗಾಗುತ್ತಿದ್ದ ಸಂತೋಷ ಅವನ ಅರಿವಿಗೆ ಬಂತು.

ಮಡಚಿದ್ದ ಅಂಗಿಯ ತೋಳನ್ನು ಇಳಿಸಿಕೊಂಡು, ವೈದ್ಯರೂ ದಾದಿಯರೂ ಅಳಿಯನೂ ಕೇಳುವಂತೆ ಹೇಳಿದ: "ನಾನು ರಕ್ತ ಕೊಡುವುದಿಲ್ಲ. ಇದರಲ್ಲಿ ರೋಗವಿದೆ. ಜಿಲ್ಲಾ ಆಸ್ಪತ್ರೆಯಿಂದ ತರಿಸಿ. ಅಲ್ಲಿಯವರೆಗೆ ಕಾಯೋಣ."

ರಕ್ತ ಬಂತು. ಮಗಳು ಉಳಿದಳು.

"ಹಾಗಾದರೆ ಅಂದಿಗೆ ಅವನ ಅಸೂಯೆ ಹೋಯಿತೇ, ಗುರುಗಳೇ?" ಎಂದು ಪ್ರಭುಲಿಂಗ ಕೇಳಿದ.

"ಇಲ್ಲ, ಅಂದು ಅದು ಪತ್ತೆಯಾಯಿತು."